ಏಳು ಸಾವಿರ ಮೀಟರಿಗೆ ರಾಗಿ ಹುರಿಹಿಟ್ಟು: ಗ್ಯಾಸು, ನೀರು, ದುಡ್ಡಿನ ಲೆಕ್ಕ

ಆರು ಸಾವಿರ ಮೀಟರ್ ಮೇಲಿನ ಕ್ಯಾಂಪಿನಲ್ಲಿ ರಾಗಿ ನಡೆಯುವುದಿಲ್ಲ ಅಂತ ಹೇಳಿದವರು ಒಬ್ಬಿಬ್ಬರಲ್ಲ. ‘ಹೊಟ್ಟೆ ಭಾರ ಆಗುತ್ತೆ’, ‘ಅಷ್ಟು ಎತ್ತರದಲ್ಲಿ ಬೇಯೋದಿಲ್ಲ’, ‘ಏನ್ ಮಗಾ, ಐಸ್ ಆ್ಯಕ್ಸ್ ಹಿಡ್ಕೊಂಡು ಹೋಗಿ ಕೂಸಿನ ಸರಿ ಕುಡೀತೀಯಾ?’ ಮೂರು ಮಾತಿನಲ್ಲೂ ಒಂದೊಂದು ಪಾಲು ನಿಜ ಇತ್ತು. ಅದಕ್ಕೇ ಮೂರು ಸೀಸನ್ ಹಾಳಾದವು. ನಾಲ್ಕನೆಯದರಲ್ಲಿ, ಲಡಾಖಿನ ನುನ್ ಶಿಖರದಲ್ಲಿ (7135 ಮೀ.), ಬೇಸ್ ಕ್ಯಾಂಪ್ ಬಿಟ್ಟ ಮೇಲಿನ ಐದು ರಾತ್ರಿ ನಾವಿಬ್ಬರೂ ಹೆಚ್ಚುಕಡಿಮೆ ಅರಳಿಸಿ ಬೀಸಿದ ರಾಗಿ ಹುರಿಹಿಟ್ಟಿನ ಮೇಲೇ ನಿಂತೆವು. ಇಳಿದು ಬಂದಾಗ ಹಿಟ್ಟಿನ ಚೀಲ ಖಾಲಿ, ಗ್ಯಾಸ್ ಉಳಿದಿತ್ತು. ಹಿಂದಿನ ವರ್ಷಗಳಲ್ಲಿ ಗ್ಯಾಸ್ ಖಾಲಿಯಾಗಿ ಊಟದ ಪ್ಯಾಕೆಟ್ಟುಗಳು ಹಾಗೇ ವಾಪಸ್ ಬರುತ್ತಿದ್ದವು. ಪರ್ವತಾರೋಹಣದ ಬೇಸಿಕ್, ಅಡ್ವಾನ್ಸ್ ಕೋರ್ಸ್ ಮುಗಿಸಿ ಒಂದಾದರೂ ಆರು ಸಾವಿರ ಮೀಟರಿನ ಶಿಖರ ಹತ್ತಿದವರಿಗೆ ಇದನ್ನು ಬರೆಯುತ್ತಿದ್ದೇನೆ. ಸ್ಟವ್ ಜೋಡಿಸುವುದು, ಟೆಂಟ್ ಹಾಕುವುದು ಹೇಳಿಕೊಡುವುದಿಲ್ಲ.

ಮೊದಲು ನೀರಿನ ವಿಷಯ. ಮೇಲಿನ ಕ್ಯಾಂಪಿನಲ್ಲಿ ಊಟ ಅನ್ನುವುದು ಅಡುಗೆಯ ಸಮಸ್ಯೆಯಲ್ಲ, ನೀರಿನ ಸಮಸ್ಯೆ. ನೀರು ಅಂದರೆ ಹಿಮ ಕರಗಿಸುವುದು, ಹಿಮ ಕರಗಿಸುವುದು ಅಂದರೆ ಗ್ಯಾಸ್. 1952ರಲ್ಲಿ ಸ್ವಿಸ್ ತಂಡದ ರೇಮಂಡ್ ಲ್ಯಾಂಬರ್ಟ್ ಮತ್ತು ತೇನ್ಸಿಂಗ್ ನೋರ್ಗೆ ಎವರೆಸ್ಟ್‌ನ ಸುಮಾರು 8400 ಮೀಟರಿನಲ್ಲಿ ಸ್ಟವ್ ಇಲ್ಲದೆ, ಸ್ಲೀಪಿಂಗ್ ಬ್ಯಾಗ್ ಇಲ್ಲದೆ ಒಂದು ರಾತ್ರಿ ಕಳೆದರು. ಮೋಂಬತ್ತಿಯ ಉರಿಯಲ್ಲಿ ಕರಗಿಸಿದ ನಾಲ್ಕು ಗುಟುಕು ನೀರೇ ಅವರಿಗೆ ಗತಿ. ಮರುದಿನ ಅವರು ಅರ್ಧ ದಾರಿಯಲ್ಲೇ ತಿರುಗಬೇಕಾಯಿತು. ಮುಂದಿನ ವರ್ಷದ ಬ್ರಿಟಿಷ್ ತಂಡದ ಜೊತೆಗಿದ್ದ ಶರೀರವಿಜ್ಞಾನಿ ಗ್ರಿಫಿತ್ ಪ್ಯೂ ದಿನಕ್ಕೆ ಮೂರು ನಾಲ್ಕು ಲೀಟರ್ ಕುಡಿಯಲೇಬೇಕು ಅಂತ ಹಟ ಹಿಡಿದದ್ದು ಸುಮ್ಮನೆ ಅಲ್ಲ. ಒಣಗಾಳಿಯಲ್ಲಿ ಏದುಸಿರು ಬಿಡುವಾಗ ಉಸಿರಿನಲ್ಲೇ ನೀರು ಹೋಗುತ್ತಿರುತ್ತದೆ, ಗೊತ್ತೇ ಆಗುವುದಿಲ್ಲ.

ಈಗ ಗ್ಯಾಸಿನ ಲೆಕ್ಕ. ಮೈನಸ್ ಹತ್ತರಲ್ಲಿರುವ ಒಂದು ಕೆ.ಜಿ. ಹಿಮವನ್ನು ಕರಗಿಸಿ ಆರು ಸಾವಿರ ಮೀಟರಿನಲ್ಲಿ ಕುದಿಸಬೇಕಾದರೆ, ಅಂದರೆ 80 ಡಿಗ್ರಿ ಆಸುಪಾಸಿಗೆ ತರಬೇಕಾದರೆ, ಹೆಚ್ಚುಕಡಿಮೆ 690 ಕಿಲೋಜೌಲ್ ಬೇಕು. ಅದರಲ್ಲಿ ಅರ್ಧದಷ್ಟು, 334, ಬರೀ ಕರಗುವುದಕ್ಕೇ ಹೋಗುತ್ತದೆ. ಗಾಳಿ, ತಣ್ಣನೆ ಪಾತ್ರೆ, ಮುಚ್ಚಳ ತೆಗೆದು ನೋಡುವ ಚಟ, ಇವೆಲ್ಲ ಸೇರಿ ಲೀಟರಿಗೆ 30 ಗ್ರಾಂ ಗ್ಯಾಸ್ ಸುಟ್ಟೇ ಸುಡುತ್ತದೆ. 230 ಗ್ರಾಮಿನ ಕ್ಯಾನಿಸ್ಟರಿಗೆ, ಅಂದರೆ ಒಂದು ಗ್ಯಾಸ್ ಡಬ್ಬಿಗೆ, ಏಳೂವರೆ ಲೀಟರ್. ಇಬ್ಬರಿಗೆ ಒಂದು ದಿನ. ಅದೇ ನೀರನ್ನು 45-50 ಡಿಗ್ರಿಗೆ ನಿಲ್ಲಿಸಿದರೆ 550ರ ಹತ್ತಿರ ಸಾಕು, ಐದರಲ್ಲಿ ಒಂದು ಪಾಲು ಉಳಿಯುತ್ತದೆ. ನಾನು ಹಿಡಿದದ್ದು ಈ ಒಂದು ಪಾಲನ್ನೇ. ಆದರೆ ಕುದಿಸದ ನೀರಿನಲ್ಲಿ ಸಿದ್ಧವಾಗುವ ಊಟ ಯಾವುದು?

ಹೆಪ್ಪುಗಟ್ಟಿಸಿ ಒಣಗಿಸಿದ ಊಟದ ಫ್ರೀಜ್ ಡ್ರೈ ಪ್ಯಾಕೆಟ್ ಅಲ್ಲ. ಅದರ ಮೇಲೆ ‘ಕುದಿಯುವ ನೀರು ಹಾಕಿ ಹತ್ತು ನಿಮಿಷ’ ಅಂತ ಬರೆದಿರುತ್ತದೆ, ಬರೆದವರು ಸಮುದ್ರ ಮಟ್ಟದಲ್ಲಿ ಕೂತಿರುತ್ತಾರೆ. 6100 ಮೀಟರಿನಲ್ಲಿ 80 ಡಿಗ್ರಿಯ ನೀರು ಸುರಿದು, ಪ್ಯಾಕೆಟ್ಟನ್ನು ಜಾಕೆಟ್ ಒಳಗಿಟ್ಟುಕೊಂಡು ಇಪ್ಪತ್ತೈದು ನಿಮಿಷ ಕಾದರೂ ರಾಜ್ಮಾ ಕಲ್ಲು ಕಲ್ಲು, ಅನ್ನದ ನಡುವೆ ಗಟ್ಟಿ. ನಾನು ಕೊಂಡಾಗ ಬೆಲೆ ಪ್ಯಾಕೆಟ್ಟಿಗೆ 450ರಿಂದ 600 ರೂಪಾಯಿ ಇತ್ತು. ಇಬ್ಬರಿಗೆ ದಿನಕ್ಕೆ ಮೂರು ಮೂರರಂತೆ ಐದು ದಿನಕ್ಕೆ ಮೂವತ್ತು ಪ್ಯಾಕೆಟ್, ಅಂದರೆ ಹದಿನೈದು ಸಾವಿರದ ಆಚೀಚೆ. ಲಡಾಖಿನದೇ ಕಾಂಗ್ ಯಾತ್ಸೆ ಎರಡು ಶಿಖರಕ್ಕೆ (6250 ಮೀ.) ಒಯ್ದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಹಾಗೇ ವಾಪಸ್ ಬಂತು. ಬೇಸ್ ಕ್ಯಾಂಪಿನ ನಾಯಿಯೂ ಮೂಸಿ ನೋಡಿ ಹೋಯಿತು. ನೂಡಲ್ಸ್ ಇನ್ನೊಂದು ಪಾಡು. ಬೇಯುತ್ತದೇನೋ ನಿಜ, ಆದರೆ ಆ ಉಪ್ಪಿಗೆ ಇನ್ನರ್ಧ ಲೀಟರ್ ನೀರು ಬೇಕಾಗುತ್ತದೆ, ಅಂಟಿದ ಪಾತ್ರೆ ತೊಳೆಯಲು ಇನ್ನಷ್ಟು.

ಹುರಿಹಿಟ್ಟಿನ ಗುಣವೇ ಬೇರೆ. ರಾಗಿ ಅರಳುವ ಹೊತ್ತಿಗೇ ಬೆಂದಿರುತ್ತದೆ, ಅಡುಗೆ ಬೆಂಗಳೂರಿನಲ್ಲೇ ಮುಗಿದಿರುತ್ತದೆ. ಮೇಲೆ ಬೇಕಾದದ್ದು ನೀರು ಮಾತ್ರ. ಇದರಲ್ಲಿ ನನ್ನ ಬುದ್ಧಿವಂತಿಕೆ ಏನೂ ಇಲ್ಲ. ಲಡಾಖಿಗಳು ಹುರಿದ ಬಾರ್ಲಿ ಹಿಟ್ಟನ್ನು ಬೆಣ್ಣೆ ಚಹಾದಲ್ಲಿ ಕಲಸಿ ‘ಖೋಲಾಕ್’ ಅಂತ ತಿನ್ನುತ್ತಾರೆ, ಶೆರ್ಪಾಗಳು ಅಂಥದೇ ಹುರಿದ ಬಾರ್ಲಿ ಹಿಟ್ಟು, ತ್ಸಂಪಾ, ತಿಂದೇ ಹತ್ತುತ್ತಾರೆ. ನಮ್ಮ ಹುರಿಹಿಟ್ಟು ಅದರ ದಾಯಾದಿ. ರಾಗಿ ಹೊಟ್ಟೆ ಭಾರ ಅನ್ನುವವರು ತ್ಸಂಪಾ ಅಂದ ತಕ್ಷಣ ತಲೆಬಾಗುವುದು ನೋಡಿದರೆ ನಗು ಬರುತ್ತದೆ. ಇನ್ನೊಂದು ಮಾತು: ಒಂದು ಲೀಟರ್ ಆಮ್ಲಜನಕಕ್ಕೆ ಪಿಷ್ಟದಿಂದ ಸಿಗುವ ಶಕ್ತಿ ಕೊಬ್ಬಿನಿಂದ ಸಿಗುವುದಕ್ಕಿಂತ ಶೇಕಡ ಏಳೆಂಟು ಹೆಚ್ಚು. ಆಮ್ಲಜನಕಕ್ಕೇ ಕೊರತೆಯಾದ ಜಾಗದಲ್ಲಿ ಅದು ಸಣ್ಣ ಮಾತಲ್ಲ. ಮೇಲಾಗಿ ಐದೂವರೆ ಸಾವಿರ ದಾಟಿದ ಮೇಲೆ ಎಣ್ಣೆ ಜಿಡ್ಡು ಕಂಡರೆ ಹೊಟ್ಟೆ ತೊಳಸುವುದು ಎಲ್ಲರಿಗೂ ಗೊತ್ತಿದ್ದದ್ದೇ.

ಮೊದಲ ಸಲ ಐದು ಕೆ.ಜಿ. ರಾಗಿಯನ್ನು ಕಡಲೆಪುರಿ ಭಟ್ಟಿಗೆ ಕೊಟ್ಟು ಅರಳಿಸಿದೆ. ಭಟ್ಟಿಯವರು ಕಾದ ಮರಳಿನಲ್ಲಿ ಹುರಿಯುತ್ತಾರೆ, ಜರಡಿ ಹಿಡಿದರೂ ನುಣುಪು ಮರಳು ಉಳಿಯುತ್ತದೆ. ಊರಿನಲ್ಲಿ ಮಜ್ಜಿಗೆಗೆ ಹಾಕಿ ಕುಡಿದಾಗ ಗೊತ್ತಾಗಲಿಲ್ಲ. ಮೇಲೆ ಬಾಯಿ ಒಣಗಿ, ತುಟಿ ಒಡೆದಿರುವಾಗ ಪ್ರತಿ ಗುಟುಕಿಗೂ ಹಲ್ಲಲ್ಲಿ ಕರಕರ. ಮಿಲ್ಲಿನದು ಮತ್ತೊಂದು ಕಥೆ. ನಮಗಿಂತ ಮುಂಚೆ ಯಾರೋ ಮೆಣಸಿನಪುಡಿ ಬೀಸಿಸಿದ್ದರು, ಇಡೀ ಹಿಟ್ಟು ಸಣ್ಣಗೆ ಖಾರ. ಈಗ ಮನೆಯಲ್ಲೇ ಅರಳಿಸುತ್ತೇನೆ. ತೊಳೆದು ಬಸಿದ ರಾಗಿಗೆ ಹುಳಿ ಮಜ್ಜಿಗೆ ಚಿಮುಕಿಸಿ, ಬಟ್ಟೆ ಕಟ್ಟಿ ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ದಪ್ಪ ಕಬ್ಬಿಣದ ಬಾಣಲೆಯಲ್ಲಿ ಒಂದೊಂದೇ ಹಿಡಿ. ಬಾಣಲೆ ಹೊಗೆಯಾಡುವಷ್ಟು ಕಾದಿರಬೇಕು, ಇಲ್ಲದಿದ್ದರೆ ರಾಗಿ ಅರಳುವುದಿಲ್ಲ, ಬರೀ ಕಂದುತ್ತದೆ. ಎರಡು ಕೆ.ಜಿ.ಗೆ ಎರಡು ಸಂಜೆ. ಬೀಸಿಸಲು ಬೆಳಗ್ಗೆ ಮಿಲ್ ತೆಗೆದ ಕೂಡಲೇ ಮೊದಲ ಗಿರಾಕಿಯಾಗಿ ಹೋಗಬೇಕು. ಅದಕ್ಕೂ ಮುಂಚೆ ಅರ್ಧ ಕೆ.ಜಿ. ಅಕ್ಕಿ ಬೀಸಿಸಿ ಕಲ್ಲು ತೊಳೆಸುವುದು ಇನ್ನೂ ಒಳ್ಳೆಯದು.

ಎರಡನೇ ಸೋಲು ಹೊಟ್ಟೆಯದು. ರಾಗಿಯಲ್ಲಿ ನಾರು ಹೆಚ್ಚು. ಗಾಳಿಯ ಒತ್ತಡ ಅರ್ಧಕ್ಕೆ ಇಳಿದ ಜಾಗದಲ್ಲಿ ಹೊಟ್ಟೆಯೊಳಗಿನ ಗಾಳಿ ಹಿಗ್ಗುತ್ತದೆ. ಎರಡೂ ಸೇರಿದರೆ ಇಬ್ಬರು ಮಲಗುವ ಟೆಂಟಿನಲ್ಲಿ ಸ್ನೇಹ ಉಳಿಯುವುದು ಕಷ್ಟ. ತಮಾಷೆ ಬಿಡಿ, ಮೈನಸ್ ಹದಿನೈದರ ಗಾಳಿಯಲ್ಲಿ ಹಾರ್ನೆಸ್ (ಹಗ್ಗ ಕಟ್ಟುವ ಸೊಂಟದ ಪಟ್ಟಿ) ಬಿಚ್ಚಿ ಕೂರುವ ಕೆಲಸ ದಿನಕ್ಕೆ ಎರಡು ಸಲ ಬಿದ್ದರೆ ಚಳಿಗೆ ಬೆರಳು ಮರಗಟ್ಟುವುದು (ಫ್ರಾಸ್ಟ್‌ನಿಪ್) ಖಾತ್ರಿ. ಇದಕ್ಕೆ ಉತ್ತರ ಅಜ್ಜಿಯರ ಹತ್ತಿರ ಮೊದಲೇ ಇತ್ತು. ಕೂಸಿನ ಸರಿಗೆ ಮಾಡುವ ಹಾಗೆ ಹಿಟ್ಟನ್ನು ವಸ್ತ್ರಗಾಳಿ ಮಾಡುವುದು. ಹಳೆಯ ಮಲ್ಲು ಪಂಚೆಯನ್ನು ಪಾತ್ರೆಯ ಬಾಯಿಗೆ ಬಿಗಿದು, ಕೈಯಲ್ಲಿ ಮೆತ್ತಗೆ ಉಜ್ಜಿದರೆ ತೌಡು ಮೇಲುಳಿಯುತ್ತದೆ. ಕೆ.ಜಿ.ಗೆ ಕಾಲು ಕೆ.ಜಿ. ನಷ್ಟ. ಆ ತೌಡನ್ನು ಎಸೆಯಬೇಡಿ, ಬೇಸ್ ಕ್ಯಾಂಪಿನ ರೊಟ್ಟಿಗೆ ಬರುತ್ತದೆ. ಅಲ್ಲಿ ನಾರು ಬೇಕಾಗುತ್ತದೆ.

ಮೂರನೆಯದೇ ದೊಡ್ಡದು. ಗಟ್ಟಿತನ. ಅರಳಿಟ್ಟು ನೀರು ಕುಡಿದು ಉಬ್ಬುತ್ತದೆ. ನೂರು ಗ್ರಾಂ ಹಿಟ್ಟನ್ನು ಮುನ್ನೂರು ಎಂ.ಎಲ್. ನೀರಿಗೆ ಹಾಕಿದರೆ ಗೋಂದು. ಚಮಚ ನಿಲ್ಲುತ್ತದೆ, ಗಂಟಲಲ್ಲಿ ಇಳಿಯುವುದಿಲ್ಲ. ಕುಡಿಯುವ ಹದಕ್ಕೆ ತರಬೇಕಾದರೆ ಏಳೆಂಟು ನೂರು ಎಂ.ಎಲ್. ಬೇಕು. ಹಾಗೆ ಮಾಡಿದರೆ ಎರಡು ಲೋಟಕ್ಕೇ ಹೊಟ್ಟೆ ತುಂಬುತ್ತದೆ, ತುಂಬಿದ್ದು ಮಾತ್ರ ನೀರು. ಯುನಾಮ್ ಶಿಖರದಲ್ಲಿ ನಡೆದದ್ದು ಇದೇ. ದಿನಕ್ಕೆ 400 ಗ್ರಾಂ ತಿನ್ನುವ ಲೆಕ್ಕ ಹಾಕಿದ್ದೆ, 150 ಗ್ರಾಂ ದಾಟಲಿಲ್ಲ.

ದಾರಿ ಸಿಕ್ಕಿದ್ದು ಮೊಳಕೆ ರಾಗಿಯಲ್ಲಿ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ.ನಲ್ಲಿ ಮಕ್ಕಳ ಆಹಾರಕ್ಕಾಗಿ ಮೊಳಕೆ ರಾಗಿಯ ಮೇಲೆ ಬಹಳ ಹಿಂದೆಯೇ ಕೆಲಸ ಆಗಿದೆ. ಕೂಸಿನ ಹೊಟ್ಟೆ ಚಿಕ್ಕದು, ಗಂಜಿ ತೆಳ್ಳಗಿರಬೇಕು, ಶಕ್ತಿ ಕಡಿಮೆಯಾಗಬಾರದು, ಇದು ಅಲ್ಲಿನ ಪ್ರಶ್ನೆ. ನಮ್ಮದೂ ಅದೇ ಪ್ರಶ್ನೆ, ಕೂಸಿನ ಬದಲು ಎಪ್ಪತ್ತು ಕೆ.ಜಿ. ಮನುಷ್ಯ ಅಷ್ಟೆ. ಮೊಳಕೆಯೊಳಗೆ ಅಮೈಲೇಸ್ ಎಂಬ ಕಿಣ್ವ ಹುಟ್ಟಿರುತ್ತದೆ. ಬಿಸಿ ಗಂಜಿಗೆ ಒಂದು ಚಮಚ ಮೊಳಕೆ ಹಿಟ್ಟು ಬಿದ್ದರೆ ಅದು ಪಿಷ್ಟದ ಉದ್ದ ಸರಪಳಿ ಕತ್ತರಿಸಿ, ಐದು ಹತ್ತು ನಿಮಿಷದಲ್ಲಿ ಗೋಂದನ್ನು ಮಜ್ಜಿಗೆಯಂತೆ ಮಾಡುತ್ತದೆ. ಹಿಟ್ಟು ಅಷ್ಟೇ, ಶಕ್ತಿ ಅಷ್ಟೇ, ನೀರು ಅರ್ಧ. ಒಂದಿಷ್ಟು ಸಿಹಿಯೂ ತಾನಾಗಿ ಬರುತ್ತದೆ, ಬೆಲ್ಲ ಕಡಿಮೆ ಸಾಕು.

ಇದನ್ನು ಓದಿಕೊಂಡು ಖುಷಿಯಿಂದ ಮಾಡಿದ ಮೊದಲ ಕಂತು ಪೂರ್ತಿ ದಂಡ. ಮೊಳಕೆ ಬರಿಸಿ, ಒಣಗಿಸಿ, ಮನೆಯಲ್ಲಿ ಎಲ್ಲರೂ ಮಾಡುವ ಹಾಗೆ ಘಮ ಬರುವವರೆಗೆ ಹುರಿದಿದ್ದೆ. ಹುರಿದರೆ ಕಿಣ್ವ ಸತ್ತಂತೆ. ಅಂಗಡಿಯ ರಾಗಿ ಮಾಲ್ಟ್ ತಂದರೂ ಇದೇ ಗತಿ, ಅದೂ ಹುರಿದದ್ದು, ಮೇಲೆ ಅರ್ಧ ಸಕ್ಕರೆ. ಸರಿಯಾದ ಕ್ರಮ ಹೀಗೆ: ರಾಗಿ ಹನ್ನೆರಡು ಗಂಟೆ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಒಂದೂವರೆಯಿಂದ ಎರಡು ದಿನ, ಮೊಳಕೆ ಸುಮಾರು ಒಂದು ಸೆಂಟಿಮೀಟರ್ ಆಗುವವರೆಗೆ. ದಿನಕ್ಕೆರಡು ಸಲ ನೀರು ಚಿಮುಕಿಸಬೇಕು. ಆಮೇಲೆ ತೆಳ್ಳಗೆ ಹರಡಿ ಗಾಳಿ ಬಿಸಿಲಲ್ಲಿ ಗರಗರ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಬೇರು ಉದುರಿಸಿ, ಹುರಿಯದೆ ಹಾಗೇ ಬೀಸಬೇಕು. ಮಳೆಗಾಲದಲ್ಲಿ ಮಾಡಹೋಗಬೇಡಿ. ಸರಿಯಾಗಿ ಒಣಗದಿದ್ದರೆ ಬೂಷ್ಟು ಹಿಡಿಯುತ್ತದೆ, ಬೂಷ್ಟು ವಾಸನೆ ಬಂದರೆ ಪೂರ್ತಿ ಎಸೆಯಬೇಕು, ಕನಿಕರ ಬೇಡ. ಹುರಿಯದ ಹಿಟ್ಟಾದ್ದರಿಂದ ಕಲಸಿದ ಗಂಜಿಯನ್ನು ಗಂಟೆಗಟ್ಟಲೆ ಇಡಬಾರದು, ಆಗಲೇ ಕುಡಿದು ಮುಗಿಸಬೇಕು.

ಮನೆಯಲ್ಲೇ ಪರೀಕ್ಷೆ ಮಾಡಿಕೊಂಡು ಹೊರಡಿ. ಒಂದು ಲೋಟದಲ್ಲಿ ಹುರಿಹಿಟ್ಟು ಬಿಸಿನೀರಿಗೆ ಗಟ್ಟಿಯಾಗಿ ಕಲಸಿ, ಮೊಳಕೆ ಹಿಟ್ಟು ಒಂದು ಚಮಚ ತಿರುವಿ, ಮುಚ್ಚಿ ಹತ್ತು ನಿಮಿಷ ಬಿಡಿ. ಲೋಟ ಓರೆ ಮಾಡಿದರೆ ಹರಿಯಬೇಕು. ಹರಿಯದಿದ್ದರೆ ಒಂದೋ ಮೊಳಕೆ ಸಾಲದು, ಇಲ್ಲವೇ ಒಣಗಿಸುವಾಗ ಬಿಸಿ ಜಾಸ್ತಿಯಾಗಿದೆ. ನೀರಿನ ಬಿಸಿಯೂ ಮುಖ್ಯ, 60 ಡಿಗ್ರಿ ಆಸುಪಾಸು ಇರಬೇಕು. ಕುದಿವ ನೀರು ಸುರಿದರೆ, ಅದು ಎಂಬತ್ತೇ ಆಗಲಿ, ಕಿಣ್ವ ಸಾಯುತ್ತದೆ. ತಣ್ಣೀರಾದರೆ ಕೆಲಸವೇ ಶುರುವಾಗುವುದಿಲ್ಲ. ಥರ್ಮಾಮೀಟರ್ ಹೊರುವುದು ಬೇಡ. ಬೆರಳು ಅದ್ದಿದರೆ ‘ಒಂದು, ಎರಡು’ ಅನ್ನುವಷ್ಟರಲ್ಲಿ ತೆಗೆಯಬೇಕು ಅನ್ನಿಸಬೇಕು, ಅದೇ ಹದ. ಮೇಲಿನ ಕ್ಯಾಂಪಿನಲ್ಲಿ ಎರಡು ಪಾಲು ಕುದಿದ ನೀರಿಗೆ ಒಂದು ಪಾಲು ಬಾಟಲಿಯ ತಣ್ಣೀರು ಬೆರೆಸಿದರೆ ಸರಿಹೋಗುತ್ತದೆ. ಅಥವಾ ಪಾತ್ರೆಯ ತಳದಿಂದ ಸಣ್ಣ ಗುಳ್ಳೆ ಏಳುವ ಮುಂಚೆಯೇ ಇಳಿಸಬೇಕು. ಗ್ಯಾಸ್ ಉಳಿಯುವುದು ಇಲ್ಲೇ.

ಸಿಹಿ ಮಿಶ್ರಣ ಒಂದು ಕೆ.ಜಿ.ಗೆ ನಾನು ಹಾಕುವುದು ಸುಮಾರು ಹೀಗೆ: ವಸ್ತ್ರಗಾಳಿ ಹುರಿಹಿಟ್ಟು 450 ಗ್ರಾಂ, ಮೊಳಕೆ ಹಿಟ್ಟು 50, ಕೆನೆ ತೆಗೆಯದ ಹಾಲಿನ ಪುಡಿ 200, ಹುರಿದು ಸಿಪ್ಪೆ ತೆಗೆದ ಕಡಲೆಬೀಜದ ಪುಡಿ 100, ಬೆಲ್ಲದ ಪುಡಿ 130, ತುಪ್ಪ 70. ನೂರು ಗ್ರಾಮಿಗೆ 440 ಕ್ಯಾಲೊರಿ ಹತ್ತಿರ ಬರುತ್ತದೆ. ತುಪ್ಪವನ್ನು ಕೊನೆಗೆ ಸುರಿಯಬಾರದು. ಹುರಿಹಿಟ್ಟನ್ನು ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಕರಗಿದ ತುಪ್ಪ ಸ್ವಲ್ಪ ಸ್ವಲ್ಪ ಹಾಕುತ್ತ ತಿಕ್ಕಿದರೆ ಕಣ ಕಣಕ್ಕೂ ಹತ್ತುತ್ತದೆ, ಹಿಟ್ಟು ಉದುರುದುರಾಗಿಯೇ ಇರುತ್ತದೆ. ಪೂರ್ತಿ ಆರಿದ ಮೇಲೆ ಮೊಳಕೆ ಹಿಟ್ಟು. ತುಪ್ಪ ನೂರು ಗ್ರಾಂ ದಾಟಿಸಿ ನೋಡಿದೆ, ಚಳಿಗೆ ಹಿಟ್ಟೆಲ್ಲ ಇಟ್ಟಿಗೆ ಕಟ್ಟಿತು, ಐಸ್ ಸ್ಕ್ರೂ ತಲೆಯಲ್ಲಿ ಕುಟ್ಟಿ ಪುಡಿ ಮಾಡಬೇಕಾಯಿತು.

ಸಿಹಿಯೊಂದೇ ಒಯ್ಯಬೇಡಿ. ಎರಡನೇ ದಿನಕ್ಕೇ ಬೆಲ್ಲದ ವಾಸನೆ ಕಂಡರೆ ವಾಕರಿಕೆ ಬರುತ್ತದೆ. ಎತ್ತರದಲ್ಲಿ ನಾಲಿಗೆ ಕೇಳುವುದು ಹುಳಿ, ಉಪ್ಪು. ಖಾರದ ಮಿಶ್ರಣಕ್ಕೆ ಹಾಲಿನ ಪುಡಿ, ಬೆಲ್ಲ ಬಿಟ್ಟು, ಹುರಿಗಡಲೆ ಪುಡಿ ಇನ್ನೂರು ಗ್ರಾಂ, ಉಪ್ಪು ಇಪ್ಪತ್ತೈದು, ಜೀರಿಗೆ, ಒಣಶುಂಠಿ, ನೆರಳಲ್ಲಿ ಒಣಗಿಸಿದ ಕರಿಬೇವಿನ ಪುಡಿ. ಹುಳಿಗೆ ಆಮ್‌ಚೂರ್ ಹಾಕಬಹುದು. ನಾನು ಹಾಕುವುದು ಬೇರೆ ಎರಡು ಸಾಮಾನು. ಅದನ್ನು ಇಲ್ಲಿ ಬರೆಯುವುದಿಲ್ಲ, ಜೊತೆಗೆ ಹತ್ತಿದವರಿಗೆ ಮಾತ್ರ ಗೊತ್ತಿದೆ, ಅವರಿಂದ ಬಿಡಿಸಿಕೊಳ್ಳಿ. ಬೆಳಗ್ಗೆ ಸಿಹಿ, ಕ್ಯಾಂಪ್ ಮುಟ್ಟಿದ ತಕ್ಷಣ ಖಾರ, ರಾತ್ರಿ ಯಾವುದು ಹೋಗುತ್ತೋ ಅದು. ತಲೆಗೆ ದಿನಕ್ಕೆ ಸಿಹಿ 250, ಖಾರ 150, ಒಟ್ಟು 400 ಗ್ರಾಂ. 1700 ಕ್ಯಾಲೊರಿಯ ಹತ್ತಿರ. ಹತ್ತುವ ದಿನ ಸುಡುವುದು ಇದರ ಎರಡರಷ್ಟಕ್ಕೂ ಹೆಚ್ಚು, ಅದು ಗೊತ್ತು. ಆದರೆ ಆ ಎತ್ತರದಲ್ಲಿ ಲೆಕ್ಕಕ್ಕೆ ಬರುವುದು ಹೊಟ್ಟೆಗೆ ಇಳಿದ ಕ್ಯಾಲೊರಿ, ಚೀಲದಲ್ಲಿರುವುದಲ್ಲ.

ಪ್ಯಾಕಿಂಗ್: ನೂರು ಗ್ರಾಮಿನ ಜಿಪ್ ಕವರ್, ಒಂದೊಂದೂ ಒಂದು ಹೊತ್ತಿಗೆ. ಸಿಹಿಗೆ ಕೆಂಪು ದಾರ, ಖಾರಕ್ಕೆ ಕಪ್ಪು. ಹೆಡ್‌ಟಾರ್ಚ್ ಬೆಳಕಲ್ಲಿ, ಮಂಕು ಕವಿದ ತಲೆಯಲ್ಲಿ ಹೆಸರು ಓದುವ ತಾಳ್ಮೆ ಇರುವುದಿಲ್ಲ. ಬೆಂಗಳೂರಿನಲ್ಲಿ ಗಾಳಿ ಸಮೇತ ಸೀಲ್ ಮಾಡಿದ್ದು ಲೇಹ್‌ನಲ್ಲೇ ಬಲೂನಾಗುತ್ತದೆ, ಮೇಲೆ ಸೀಳುತ್ತದೆ. ಗಾಳಿ ಪೂರ್ತಿ ಒತ್ತಿ ತೆಗೆದು ಸೀಲ್ ಮಾಡಬೇಕು. ಉಪ್ಪಿನಕಾಯಿ ಬಾಟಲಿಯೂ ಅಷ್ಟೆ, ಒಂದು ಸಲ ಮುಚ್ಚಳ ಸಡಿಲಿಸಿ ಗಾಳಿ ಬಿಡದಿದ್ದರೆ ಡೌನ್ ಜಾಕೆಟ್ಟಿಗೆ ಎಣ್ಣೆ ಸ್ನಾನ. ಗ್ಯಾಸ್ ಕ್ಯಾನಿಸ್ಟರನ್ನು ವಿಮಾನದಲ್ಲೂ ರೈಲಿನಲ್ಲೂ ಒಯ್ಯುವಂತಿಲ್ಲ, ಲೇಹ್ ಅಥವಾ ಮನಾಲಿಯಲ್ಲೇ ಕೊಳ್ಳಬೇಕು. ಸೀಸನ್ ನಡುವೆ ಬೆಲೆ ಏರುತ್ತದೆ, 230 ಗ್ರಾಮಿಗೆ ಐನೂರು ಕೊಟ್ಟದ್ದೂ ಇದೆ. ಕೊಳ್ಳುವಾಗ ಮೇಲಿನ ಚೀಟಿ ಓದಿ. ಬರೀ ಬ್ಯೂಟೇನ್ ಇದ್ದರೆ ಬೇಸ್ ಕ್ಯಾಂಪಿಗೆ ಇಡಿ, ಪ್ರೊಪೇನ್, ಐಸೊಬ್ಯೂಟೇನ್ ಬೆರೆತದ್ದು ಮೇಲಕ್ಕೆ. ಬೆರಕೆಯಲ್ಲೂ ಒಂದು ಮೋಸ ಇದೆ. ಪ್ರೊಪೇನ್ ಮೊದಲು ಉರಿದು ಹೋಗಿ, ಕೊನೆಯ ಮೂರನೇ ಒಂದು ಪಾಲು ಚಳಿಗೆ ಏಳದ ಬ್ಯೂಟೇನ್ ಆಗಿ ಉಳಿಯುತ್ತದೆ. ‘ಖಾಲಿ’ ಅಂತ ಎಸೆಯುವ ಕ್ಯಾನಿಸ್ಟರಿನಲ್ಲಿ 60-70 ಗ್ರಾಂ ಇರುತ್ತದೆ. ಅಂಥವನ್ನು ಗುರುತು ಹಾಕಿ ಕೆಳಗೆ ತಂದು ಚಹಾಕ್ಕೆ ಉರಿಸಿ. ಹೇಗಿದ್ದರೂ ಖಾಲಿ ಡಬ್ಬಿ ಕೆಳಗೆ ತರಲೇಬೇಕಲ್ಲ.

ನುನ್‌ನಲ್ಲಿ ಸುರು ಕಣಿವೆಯ ತಾಂಗೋಲ್ ಕಡೆಯಿಂದ ಹತ್ತುವಾಗ ಬೇಸ್ ಕ್ಯಾಂಪ್ ಸುಮಾರು 4600, ಮೊದಲ ಕ್ಯಾಂಪ್ 5400, ಎರಡನೆಯದು 6100ರ ಹತ್ತಿರ. ಎರಡನೇ ಕ್ಯಾಂಪಿನಲ್ಲಿ ಸಂಜೆಯ ಕ್ರಮ ಹೀಗಿತ್ತು. ಬೆಳಕಿರುವಾಗಲೇ ಹೊಸ ಅಕ್ಕಿ ಚೀಲದಲ್ಲಿ ಗಟ್ಟಿ ಹಿಮ ತುಂಬಿ ಬಾಗಿಲ ಬಳಿ ಇಡುವುದು. ಹೊಸ ಪುಡಿ ಹಿಮ ಬೇಡ, ಹತ್ತು ಲೀಟರ್ ಪುಡಿಗೆ ಒಂದು ಲೀಟರ್ ನೀರು ಸಿಕ್ಕರೆ ಹೆಚ್ಚು. ಕೊಡಲಿಯಲ್ಲಿ ಕೆತ್ತಿದ ಹಳೇ ಹಿಮ ಅದರ ಐದರಷ್ಟು ಕೊಡುತ್ತದೆ. ಪಾತ್ರೆಯ ತಳಕ್ಕೆ ಮೊದಲು ಎರಡು ಬೆರಳು ನೀರು. ಅದಿಲ್ಲದೆ ಬರೀ ಹಿಮ ಹಾಕಿದರೆ ಕರಗಿದ ನೀರನ್ನು ಮೇಲಿನ ಹಿಮ ಹೀರಿಕೊಂಡು ತಳ ಒಣಗಿ ಸೀಯುತ್ತದೆ, ಆ ಸೀದ ವಾಸನೆ ಬಾಟಲಿಯಲ್ಲಿ ಮೂರು ದಿನ ಇರುತ್ತದೆ. ಅದಕ್ಕೇ ಮಲಗುವ ಮುಂಚೆ ಅರ್ಧ ಲೀಟರ್ ನೀರನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ‘ಹೆಪ್ಪಿಗೆ’ ಅಂತ ಉಳಿಸುವುದು. ಮೊಸರಿಗೆ ಹೆಪ್ಪು ಹೇಗೋ ಹಾಗೆ.

ಸ್ಟವ್ ಕೆಳಗೆ ಒಂದು ಗೇಣು ಪ್ಲೈವುಡ್ ತುಂಡು, ಅದರ ಮೇಲೆ ಫೋಮ್. ಇಲ್ಲದಿದ್ದರೆ ಸ್ಟವ್ ಹಿಮದಲ್ಲಿ ಇಳಿದು ಓರೆಯಾಗುತ್ತದೆ, ಕರಗಿಸಿದ್ದೆಲ್ಲ ನೆಲಕ್ಕೆ. ಕ್ಯಾನಿಸ್ಟರ್ ಮೇಲೇ ಕೂರುವ ಬರ್ನರ್ ಬಿಟ್ಟು ಉದ್ದ ಹೋಸಿನ ಸ್ಟವ್‌ಗೆ ಬಂದದ್ದು ನನ್ನ ಒಳ್ಳೆ ಖರ್ಚುಗಳಲ್ಲೊಂದು. ಕ್ಯಾನಿಸ್ಟರ್ ಬೋರಲು ಹಾಕಿ ದ್ರವವನ್ನೇ ಹರಿಸಿದರೆ ಬೆರಕೆಯ ಮೋಸ ಇರುವುದಿಲ್ಲ, ಕೊನೆ ಹನಿವರೆಗೂ ಉರಿಯುತ್ತದೆ. ಆದರೆ ಮೊದಲ ಒಂದು ನಿಮಿಷ ನೆಟ್ಟಗೇ ಇಟ್ಟು ಬರ್ನರಿನ ಕೊಳವೆ ಕಾದ ಮೇಲೇ ಬೋರಲು ಹಾಕಬೇಕು. ಅವಸರ ಮಾಡಿದರೆ ಜ್ವಾಲೆ ಮೊಳದುದ್ದ ಹಾರುತ್ತದೆ. ಹಳೇ ಬರ್ನರ್ ಇರುವವರು ಕ್ಯಾನಿಸ್ಟರನ್ನು ತಟ್ಟೆಯ ಉಗುರುಬೆಚ್ಚಗಿನ ನೀರಿನಲ್ಲಿ ನಿಲ್ಲಿಸಬಹುದು. ಉರಿಯುತ್ತ ಉರಿಯುತ್ತ ಕ್ಯಾನಿಸ್ಟರ್ ತಾನೇ ತಣ್ಣಗಾಗಿ ಒತ್ತಡ ಇಳಿಯುವುದನ್ನು ಅದು ತಡೆಯುತ್ತದೆ. ಸುತ್ತ ಪೂರ್ತಿ ಗಾಳಿತಡೆ ಮಾತ್ರ ಕಟ್ಟಬೇಡಿ, ಬಿಸಿ ಕ್ಯಾನಿಸ್ಟರಿಗೇ ತಿರುಗುತ್ತದೆ. ಶಿಖರಕ್ಕೆ ಹೊರಡುವ (ಸಮಿಟ್ ಪುಶ್‌ನ) ರಾತ್ರಿ ಎರಡು ಗಂಟೆಗೆ ಕ್ಯಾನಿಸ್ಟರನ್ನು ಬೇಗ ಏಳಿಸುವ ನನ್ನದೊಂದು ಉಪಾಯ ಇದೆ. ಬರೆದರೆ ಯಾರಾದರೂ ಟೆಂಟ್ ಸುಟ್ಟುಕೊಂಡಾರು ಅಂತ ಬಿಟ್ಟಿದ್ದೇನೆ.

ಟೆಂಟಿನ ಬಾಗಿಲ ಮುಂದಿನ ಮರೆಯಲ್ಲಿ (ವೆಸ್ಟಿಬ್ಯೂಲ್) ಸ್ಟವ್ ಉರಿಸುವಾಗ ಬಾಗಿಲ ಮೇಲ್ಭಾಗ ಒಂದು ಮೊಳ ತೆರೆದಿರಲಿ. ಹಿಮದ ಪಾತ್ರೆಯ ತಣ್ಣನೆ ತಳಕ್ಕೆ ಜ್ವಾಲೆ ತಾಗಿದಾಗ ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದರ ತಲೆನೋವೂ ಎತ್ತರದ ತಲೆನೋವೂ ಒಂದೇ ಥರ, ಮಾತ್ರೆ ನುಂಗಿ ಮಲಗಿದರೆ ಕೆಟ್ಟಂತೆ.

ಲೀಟರಿಗೆ ಹನ್ನೆರಡರಿಂದ ಹದಿನೈದು ನಿಮಿಷ. ಇಬ್ಬರಿಗೆ ಸಂಜೆ ಐದು ಲೀಟರ್, ಬೆಳಗ್ಗೆ ಮೂರು. ಪೂರ್ತಿ ಕುದಿಸಿದ್ದು ರಾತ್ರಿ ಕಾಲ ಬಳಿ ಇಟ್ಟುಕೊಳ್ಳುವ ಎರಡು ಬಾಟಲಿ ಮಾತ್ರ. ಕುಡಿಯುವುದು ಉಗುರುಬೆಚ್ಚಗೆ, ಗಂಜಿಯದು ತಣ್ಣೀರು ಬೆರೆಸಿದ ಮೇಲೆ ಬೆರಳ ಹದಕ್ಕೆ ಬರುವಷ್ಟು ಬಿಸಿ. ಹಿಟ್ಟಿಗೆ ಬಿಸಿನೀರು ನೇರ ಸುರಿದರೆ ಗಂಟು ಕಟ್ಟುತ್ತದೆ. ಮೊದಲು ಅಗಲ ಬಾಯಿಯ ಬಾಟಲಿಗೆ ತಣ್ಣೀರು ಒಂದು ಪಾಲು, ಅದರ ಮೇಲೆ ಹಿಟ್ಟು, ಮುಚ್ಚಿ ಕುಲುಕಿ, ಆಮೇಲೆ ಬಿಸಿನೀರು ಎರಡು ಪಾಲು, ಮತ್ತೆ ಕುಲುಕಿ ಜಾಕೆಟ್ ಒಳಗೆ ಹತ್ತು ನಿಮಿಷ. ನೂರು ಗ್ರಾಮಿಗೆ ಒಟ್ಟು 350 ಎಂ.ಎಲ್. ಕುಡಿದಾದ ಮೇಲೆ ಅದೇ ಬಾಟಲಿಗೆ ಒಂದು ಗುಟುಕು ನೀರು ಹಾಕಿ ಕುಲುಕಿ ಕುಡಿದರೆ ಪಾತ್ರೆ ತೊಳೆದಂತೆ. ಐದು ಕ್ಯಾನಿಸ್ಟರ್ ಒಯ್ದಿದ್ದೆವು. ಒಂದು ಸೀಲ್ ಒಡೆಯದೆ ಬಂತು, ಇನ್ನೊಂದರಲ್ಲಿ ಕುಲುಕಿದರೆ ಸದ್ದು. ಇಷ್ಟೇ ರಾತ್ರಿಗೆ ಹಿಂದೆ ಆರು ಒಯ್ದು ನಾಲ್ಕನೇ ರಾತ್ರಿಗೇ ಮುಗಿಸಿದ್ದೆ.

ಪಕ್ಕದ ಪ್ರಯೋಗಗಳನ್ನೂ ಹೇಳಿಬಿಡುತ್ತೇನೆ. ಮನೆಯ ಫ್ರೀಜರ್ ಮೈನಸ್ ಹದಿನೆಂಟು, ಅದಕ್ಕಿಂತ ಅಗ್ಗದ ಪ್ರಯೋಗಶಾಲೆ ಇಲ್ಲ. ಒಂದು ರಾತ್ರಿ ಇಟ್ಟು ಬೆಳಗ್ಗೆ ಕಚ್ಚಿ ನೋಡುವುದು. ಅಂಟಿನ ಉಂಡೆ: ಕಲ್ಲು, ಹಲ್ಲಿಗೆ ಅಪಾಯ. ಚಿಕ್ಕಿ: ಇನ್ನೂ ಕೆಟ್ಟದ್ದು. ಕೋಡುಬಳೆ: ಪಾಸು, ಗಟ್ಟಿಯಾಗಲಿಲ್ಲ. ಶೇಂಗಾ ಹೋಳಿಗೆ: ಬಗಲಲ್ಲಿ ಇಟ್ಟುಕೊಂಡರೆ ಪಾಸು. ಗೊಜ್ಜವಲಕ್ಕಿ: ರುಚಿಗೆ ಮೊದಲ ರ್‍ಯಾಂಕ್, ಆದರೆ ನೆನೆಯುವ ಹೊತ್ತಿಗೆ ತಣ್ಣಗಾಗಿ ಅಂಚಲ್ಲಿ ಐಸ್, ಒಂದನೇ ಕ್ಯಾಂಪಿನವರೆಗೆ ಸರಿ. ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಬೇಸ್ ಕ್ಯಾಂಪಿಗೆ ಹೇಳಿ ಮಾಡಿಸಿದ್ದು. ಆದರೆ ಗಟ್ಟಿ ಡಬ್ಬಿಯಲ್ಲಿ ಇಡದಿದ್ದರೆ ಕುದುರೆ ಲೋಡಿನಲ್ಲಿ ಅದೂ ಹಿಟ್ಟೇ. ಬೇಸ್ ಕ್ಯಾಂಪಿನಲ್ಲಿ ಮುದ್ದೆಯೂ ಮಾಡಿ ನೋಡಿದೆ. ನೀರು 85ಕ್ಕೇ ಕುದಿಯುತ್ತದೆ. ಬರೀ ಪಾತ್ರೆಯಲ್ಲಿ ಎರಡರಷ್ಟು ಹೊತ್ತು ಬೇಯಿಸಿದರೂ ಹಸಿ ವಾಸನೆ ಹೋಗಲಿಲ್ಲ. ಕುಕ್ಕರಿನಲ್ಲಿ ಹಿಟ್ಟಿನ ಗಂಜಿ ಎರಡು ವಿಷಲ್ ಕೂಗಿಸಿ ಆಮೇಲೆ ತೊಳಸಿದರೆ ಬಂತು. ಆ ಎತ್ತರದಲ್ಲೂ ಕುಕ್ಕರಿನೊಳಗೆ 110 ಡಿಗ್ರಿ ದಾಟುತ್ತದೆ. ಚಳಿಗೆ ಗ್ಯಾಸ್ಕೆಟ್ ಸೆಟೆದು ಹಬೆ ಸೋರುತ್ತದೆ, ಇನ್ನೊಂದು ಗ್ಯಾಸ್ಕೆಟ್ ಇಟ್ಟುಕೊಂಡಿರಬೇಕು.

ಖರ್ಚು: ಮಿಶ್ರಣ ಕೆ.ಜಿ.ಗೆ ಇನ್ನೂರೈವತ್ತರ ಆಚೀಚೆ ಬಿದ್ದಿತು. ಅದರಲ್ಲಿ ಹಾಲಿನ ಪುಡಿ, ತುಪ್ಪದ್ದೇ ಅರ್ಧಕ್ಕಿಂತ ಹೆಚ್ಚು. ಇಬ್ಬರಿಗೆ ಐದು ದಿನಕ್ಕೆ ನಾಲ್ಕು ಕೆ.ಜಿ., ಸಾವಿರ ರೂಪಾಯಿ. ಎದುರಿಗೆ ಪ್ಯಾಕೆಟ್ಟಿನ ಹದಿನೈದು ಸಾವಿರ ಇಟ್ಟು ನೋಡಿ. ಆದರೆ ದಂಡವಾದ ಮೂರು ಕಂತು, ಮಿಲ್ ಓಡಾಟ, ಹೊಸ ಸ್ಟವ್ ಎಲ್ಲ ಸೇರಿಸಿದರೆ ಇಲ್ಲಿಯವರೆಗೆ ಉಳಿದದ್ದು ಏನೂ ಇಲ್ಲ. ಮುಂದಿನ ಸಲದಿಂದ ಲಾಭ. ಮೊಳಕೆ ಹಿಟ್ಟು ಮಾತ್ರ ಹಳೆಯದು ನಡೆಯುವುದಿಲ್ಲ. ಎರಡು ತಿಂಗಳು ದಾಟಿದ್ದು ಲೋಟದ ಪರೀಕ್ಷೆಯಲ್ಲಿ ಫೇಲಾಯಿತು, ಪ್ರತಿ ಸೀಸನ್ನಿಗೂ ಮೇ ತಿಂಗಳ ಬಿಸಿಲಲ್ಲಿ ಹೊಸದಾಗಿ ಮಾಡಬೇಕು.